ಪ್ರಬಂಧ ಯಾರದು, ವೇದಿಕೆ ಯಾರದು: ಬಾಲ್ಟಿಮೋರ್‌ನ ಶ್ರೀಸಾಮಾನ್ಯರ ಸಮ್ಮೇಳನ, 1889

1889ರ ನವೆಂಬರ್ 11 ಮತ್ತು 12ರಂದು, ಸೋಮವಾರ ಮತ್ತು ಮಂಗಳವಾರ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಕಥೋಲಿಕ ಶ್ರೀಸಾಮಾನ್ಯರ ಸಮ್ಮೇಳನ ನಡೆಯಿತು. ಶ್ರೀಸಾಮಾನ್ಯರು ಎಂಬುದು ನಮ್ಮ ಧರ್ಮಕೇಂದ್ರಗಳಲ್ಲಿ ರೂಢಿಯಲ್ಲಿರುವ ಮಾತು. ಗುರುದೀಕ್ಷೆ ಪಡೆಯದೆ, ಸನ್ಯಾಸವ್ರತ ಕೈಗೊಳ್ಳದೆ, ಸಂಸಾರ ಮತ್ತು ಉದ್ಯೋಗಗಳ ನಡುವೆ ವಿಶ್ವಾಸದ ಬದುಕು ನಡೆಸುವ ಕ್ರೈಸ್ತರೆಲ್ಲರೂ ಆ ಮಾತಿನಲ್ಲಿ ಸೇರುತ್ತಾರೆ. ದೇಶದ ನಾನಾ ಧರ್ಮಪ್ರಾಂತ್ಯಗಳಿಂದ ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದು ಎರಡು ದಿನ ಪ್ರಬಂಧಗಳನ್ನು ಕೇಳಿದರು, ನಿರ್ಣಯಗಳನ್ನು ಅಂಗೀಕರಿಸಿದರು, ಊರಿಗೆ ಮರಳಿದರು. ಆದರೆ ಓದಿದ ಯಾವ ಪ್ರಬಂಧದ ಮೇಲೂ ಸಭೆಯಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಪ್ರಬಂಧಗಳನ್ನೆಲ್ಲ ಧರ್ಮಾಧ್ಯಕ್ಷರ ಕಡೆಯವರು ಮೊದಲೇ ನೋಡಿ ಒಪ್ಪಿದ್ದರು. ಆದ್ದರಿಂದ ಸಮ್ಮೇಳನದ ನಿಜವಾದ ವಿಚಾರವಿನಿಮಯ ಸಭಾಂಗಣದಲ್ಲಿ ನಡೆಯಲಿಲ್ಲ. ಯಾವ ವಿಷಯಕ್ಕೆ ಪ್ರಬಂಧ ಬೇಕು, ಅದನ್ನು ಯಾರಿಂದ ಬರೆಸಬೇಕು, ಯಾವ ವಿಷಯವನ್ನು ಕೈಬಿಡಬೇಕು ಎಂಬ ಪ್ರಶ್ನೆಗಳ ರೂಪದಲ್ಲಿ ಅದು ಅದಕ್ಕೆ ಮುಂಚಿನ ತಿಂಗಳುಗಳ ಪತ್ರವ್ಯವಹಾರದಲ್ಲೇ ನಡೆದುಹೋಗಿತ್ತು.

ಸಮ್ಮೇಳನಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ನಿರ್ಣಯಗಳನ್ನು ಓದುತ್ತಾರೆ. ಪ್ರಬಂಧಪಟ್ಟಿಯನ್ನು ಓದುವುದು ಅದಕ್ಕಿಂತ ಹೆಚ್ಚು ಫಲಕಾರಿ ಎಂದು ನಾನು ನಂಬಿದ್ದೇನೆ. ನಿರ್ಣಯದಲ್ಲಿ ಎಲ್ಲರೂ ಒಪ್ಪಬಹುದಾದ ಮಾತು ಮಾತ್ರ ಉಳಿದಿರುತ್ತದೆ. ಪಟ್ಟಿಯಲ್ಲಾದರೋ ಸಂಘಟಕರ ಆಸೆ, ಅಂಜಿಕೆ, ಲೆಕ್ಕಾಚಾರ, ಸಮುದಾಯಗಳ ನಡುವಿನ ಸಮತೋಲ, ಮೇಲಿನವರ ಅನುಮಾನ ಇವೆಲ್ಲವೂ ಶೀರ್ಷಿಕೆಗಳ ಮತ್ತು ಹೆಸರುಗಳ ವೇಷದಲ್ಲಿ ಕಾಣಿಸುತ್ತವೆ. ಬಾಲ್ಟಿಮೋರ್‌ನ ಪಟ್ಟಿ ಹೀಗೆ ಓದಿಸಿಕೊಳ್ಳುವ ಪಟ್ಟಿ.

ಸಂದರ್ಭ ಹೀಗಿತ್ತು. 1789ರ ನವೆಂಬರ್ 6ರಂದು ಪೋಪ್ ಆರನೆಯ ಪಯಸ್ ಅವರು ಬಾಲ್ಟಿಮೋರ್ ಧರ್ಮಪ್ರಾಂತ್ಯವನ್ನು ಸ್ಥಾಪಿಸಿ ಜಾನ್ ಕ್ಯಾರಲ್ ಅವರನ್ನು ಅಮೆರಿಕದ ಮೊದಲ ಧರ್ಮಾಧ್ಯಕ್ಷರನ್ನಾಗಿ ನೇಮಿಸಿದ್ದರು. ಅದರ ಶತಮಾನೋತ್ಸವ 1889ರಲ್ಲಿ ಬಂತು. ನವೆಂಬರ್ 10ರ ಭಾನುವಾರ ಬಾಲ್ಟಿಮೋರ್ ಪ್ರಧಾನಾಲಯದಲ್ಲಿ ಮಹೋತ್ಸವದ ಬಲಿಪೂಜೆ. 13ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕದ ಕಥೋಲಿಕ ವಿಶ್ವವಿದ್ಯಾಲಯದ ಆರಂಭೋತ್ಸವ. ಇವೆರಡರ ನಡುವೆ ಉಳಿದ ಎರಡು ದಿನಗಳೇ ಶ್ರೀಸಾಮಾನ್ಯರ ಪಾಲಿಗೆ ಬಂದದ್ದು. ಉತ್ಸವಕ್ಕೆಂದು ಬಂದ ಜನ ಅಲ್ಲೇ ಇರುತ್ತಾರೆ ಎಂಬುದು ದೊಡ್ಡ ಅನುಕೂಲವಾಗಿತ್ತು. ಸಮಯವನ್ನು ಬೆಳೆಸುವಂತಿರಲಿಲ್ಲ ಎಂಬುದು ಅಷ್ಟೇ ದೊಡ್ಡ ತೊಡಕಾಗಿತ್ತು.

ಸಮ್ಮೇಳನದ ಆಲೋಚನೆಯನ್ನು ಮುಂದೆ ತಂದವರಲ್ಲಿ ಇಬ್ಬರ ಹೆಸರು ಮುಖ್ಯ. ಒಬ್ಬರು ಡೆಟ್ರಾಯಿಟ್‌ನ ಹೆನ್ರಿ ಎಫ್. ಬ್ರೌನ್‌ಸನ್. ಅಮೆರಿಕದ ಹೆಸರಾಂತ ಕಥೋಲಿಕ ಚಿಂತಕ ಒರೆಸ್ಟಿಸ್ ಬ್ರೌನ್‌ಸನ್ ಅವರ ಮಗ. ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿದವರು. ತಂದೆಯ ಬರಹಗಳನ್ನೆಲ್ಲ ಇಪ್ಪತ್ತು ಸಂಪುಟಗಳಲ್ಲಿ ಸಂಪಾದಿಸಿ 1880ರ ದಶಕದಲ್ಲಿ ಪ್ರಕಟಿಸಿದವರು. ಇನ್ನೊಬ್ಬರು ಐರ್ಲೆಂಡ್‌ನಲ್ಲಿ ಹುಟ್ಟಿ ಷಿಕಾಗೋದಲ್ಲಿ ನೆಲೆಸಿ ನಗರದ ಸಾರ್ವಜನಿಕ ಬದುಕಿನಲ್ಲಿ ಹೆಸರು ಮಾಡಿದ್ದ ವಿಲಿಯಂ ಜೆ. ಒನಾಹನ್. ಕೆಲಸ ಹಂಚಿಕೊಂಡ ರೀತಿಯೂ ಅವರವರ ಸ್ವಭಾವಕ್ಕೆ ಒಪ್ಪುವಂತಿತ್ತು: ಜನರನ್ನು ಸೇರಿಸುವ ಸಂಘಟನಾ ಸಮಿತಿ ಒನಾಹನ್ ಅವರ ಕೈಗೆ, ಪ್ರಬಂಧಗಳ ಸಮಿತಿ ಬ್ರೌನ್‌ಸನ್ ಅವರ ಕೈಗೆ. ತಂದೆಯ ಸಾವಿರಾರು ಪುಟಗಳನ್ನು ತಿದ್ದಿ ಜೋಡಿಸಿದ್ದ ಸಂಪಾದಕನ ಕೈಗೆ ಪ್ರಬಂಧಗಳ ಹೊಣೆ ಬಂದದ್ದು ಸಮ್ಮೇಳನದ ಭಾಗ್ಯವೆಂದೇ ಹೇಳಬೇಕು.

ಇಲ್ಲಿ ದೂರದ ವಿಷಯವನ್ನೂ ಗಮನಿಸಬೇಕು. ಬ್ರೌನ್‌ಸನ್ ಡೆಟ್ರಾಯಿಟ್‌ನಲ್ಲಿ, ಒನಾಹನ್ ಷಿಕಾಗೋದಲ್ಲಿ, ಒಪ್ಪಿಗೆ ಕೊಡಬೇಕಾದ ಕಾರ್ಡಿನಲ್ ಜೇಮ್ಸ್ ಗಿಬ್ಬನ್ಸ್ ಬಾಲ್ಟಿಮೋರ್‌ನಲ್ಲಿ, ಬೆಂಬಲ ನೀಡುತ್ತಿದ್ದ ಮಹಾಧರ್ಮಾಧ್ಯಕ್ಷ ಜಾನ್ ಐರ್ಲೆಂಡ್ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ಇದ್ದರು. ಪ್ರಬಂಧ ಬರೆಯಬಲ್ಲವರು ನ್ಯೂಯಾರ್ಕ್, ಫಿಲಡೆಲ್ಫಿಯ, ಸೇಂಟ್ ಲೂಯಿಗಳಲ್ಲಿ ಹರಡಿಕೊಂಡಿದ್ದರು. ಒಂದು ಹೆಸರನ್ನು ಸೂಚಿಸುವುದು, ಅದಕ್ಕೆ ಉಳಿದವರ ಒಪ್ಪಿಗೆ ಪಡೆಯುವುದು, ಆ ವ್ಯಕ್ತಿಯನ್ನು ಕೇಳುವುದು, ಆತ ಆಗದು ಎಂದರೆ ಮತ್ತೆ ಮೊದಲಿನಿಂದ ಹೊರಡುವುದು ಎಲ್ಲವೂ ಅಂಚೆಯ ಮೂಲಕವೇ ಆಗಬೇಕಿತ್ತು. ಇಂಥ ಕೆಲಸ ಮಾಡಿದ ಯಾರಿಗೂ ಗೊತ್ತಿರುವಂತೆ, ವಿಷಯ ಮೊದಲೋ ವ್ಯಕ್ತಿ ಮೊದಲೋ ಎಂಬುದೇ ಮೊದಲ ಬಿಕ್ಕಟ್ಟು. ವಿಷಯವನ್ನು ಗೊತ್ತುಮಾಡಿ ಅದಕ್ಕೆ ತಕ್ಕವರನ್ನು ಹುಡುಕಿದರೆ ಪಟ್ಟಿ ಸಮಗ್ರವಾಗುತ್ತದೆ, ಆದರೆ ತಕ್ಕವರು ಸಿಗದೆ ಸಿಕ್ಕವರಿಂದ ಬರೆಸುವ ಅಪಾಯವಿರುತ್ತದೆ. ವ್ಯಕ್ತಿಯನ್ನು ಗೊತ್ತುಮಾಡಿ ಆತನಿಗೆ ಒಪ್ಪುವ ವಿಷಯ ಕೊಟ್ಟರೆ ಪ್ರಬಂಧ ಚೆನ್ನಾಗಿರುತ್ತದೆ, ಆದರೆ ದೇಶದ ದೊಡ್ಡ ಪ್ರಶ್ನೆಯೊಂದು ಯಾರ ಪಾಲಿಗೂ ಬಾರದೆ ಹೊರಗೇ ಉಳಿಯಬಹುದು.

ಆದರೂ ಬ್ರೌನ್‌ಸನ್ ಅವರ ಮೊದಲ ಕಷ್ಟ ಬರಹಗಾರರದ್ದಲ್ಲ, ಅನುಮತಿಯದ್ದು. ಗಿಬ್ಬನ್ಸ್ ಮೊದಲಿಗೆ ಹಿಂಜರಿದರು; ಐರ್ಲೆಂಡ್ ಅವರ ಒತ್ತಾಯದ ಮೇಲೆ ಒಪ್ಪಿದರು. ಈ ಹಿಂಜರಿಕೆಯನ್ನು ಕೇವಲ ಅಧಿಕಾರದ ಮೋಹ ಎಂದುಬಿಟ್ಟರೆ ಅನ್ಯಾಯವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಹಲವು ಧರ್ಮಕೇಂದ್ರಗಳಲ್ಲಿ ದೇವಾಲಯದ ಆಸ್ತಿ ಶ್ರೀಸಾಮಾನ್ಯ ಟ್ರಸ್ಟಿಗಳ ಹೆಸರಿನಲ್ಲಿತ್ತು. ಆಸ್ತಿ ಕೈಯಲ್ಲಿದ್ದವರು ಗುರುಗಳನ್ನು ನೇಮಿಸುವ ಹಕ್ಕನ್ನೂ ಕೇಳತೊಡಗಿದರು. 1820ರ ದಶಕದಲ್ಲಿ ಫಿಲಡೆಲ್ಫಿಯದ ಸಂತ ಮೇರಿಯ ದೇವಾಲಯದಲ್ಲಿ ವಿಲಿಯಂ ಹೋಗನ್ ಎಂಬ ಗುರುವಿನ ಪರವಾಗಿ ಟ್ರಸ್ಟಿಗಳು ಧರ್ಮಾಧ್ಯಕ್ಷರಿಗೆ ಎದುರು ನಿಂತು, ಜಗಳ ಬೀದಿಯ ಹೊಡೆದಾಟದವರೆಗೆ ಹೋಗಿತ್ತು. ಆ ನೆನಪು ಧರ್ಮಾಧ್ಯಕ್ಷರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಅದರ ಮೇಲೆ, ನ್ಯೂಯಾರ್ಕ್‌ನ ಗುರು ಎಡ್ವರ್ಡ್ ಮೆಗ್ಲಿನ್ ಭೂಮಿಯ ಒಡೆತನದ ಪ್ರಶ್ನೆಯಲ್ಲಿ, ಭೂಮಿ ಎಲ್ಲರಿಗೂ ಸೇರಿದ್ದೆಂದು ವಾದಿಸುತ್ತಿದ್ದ ಹೆನ್ರಿ ಜಾರ್ಜ್ ಅವರ ಪಕ್ಷ ವಹಿಸಿ, ಕರೆದಾಗ ರೋಮ್‌ಗೆ ಹೋಗದೆ, 1887ರಲ್ಲಿ ಧರ್ಮಸಭೆಯಿಂದ ಬಹಿಷ್ಕೃತರಾಗಿ ಎರಡು ವರ್ಷ ಮಾತ್ರ ಕಳೆದಿತ್ತು. ಸಾವಿರ ಜನರ ಮುಂದೆ ತೆರೆದ ವೇದಿಕೆ ಕೊಟ್ಟರೆ ಯಾವ ಗಾಯ ಮತ್ತೆ ತೆರೆದುಕೊಳ್ಳುತ್ತದೋ ಎಂಬ ಆತಂಕ ಆಧಾರವಿಲ್ಲದ್ದೇನಲ್ಲ.

ಯೂರೋಪಿನ ಉದಾಹರಣೆಗಳು ಎರಡು ಬಗೆಯ ಪಾಠ ಹೇಳುತ್ತಿದ್ದವು. ಜರ್ಮನಿಯಲ್ಲಿ 1848ರಲ್ಲಿ ಮೈಂಜ್‌ನಲ್ಲಿ ಆರಂಭವಾದ ಕಥೋಲಿಕ ಸಮಾವೇಶಗಳು ಬೆಳೆಯುತ್ತ ಹೋಗಿ, ಬಿಸ್ಮಾರ್ಕ್ ಸರ್ಕಾರ ಧರ್ಮಸಭೆಯ ಮೇಲೆ ಬಿದ್ದ ಕಾಲದಲ್ಲಿ ಕಥೋಲಿಕರ ಬೆನ್ನೆಲುಬಾಗಿ ನಿಂತವು. ಬೆಲ್ಜಿಯಂನ ಮೆಖೆಲೆನ್ ನಗರದಲ್ಲಿ ನಡೆದದ್ದು ಬೇರೆ. 1863ರ ಆಗಸ್ಟ್‌ನಲ್ಲಿ ಅಲ್ಲಿನ ಸಮ್ಮೇಳನಕ್ಕೆ ಫ್ರಾನ್ಸಿನ ಚಾರ್ಲ್ಸ್ ದ ಮೊಂತಲಂಬೇರ್ ಬಂದು, ಸ್ವತಂತ್ರ ರಾಜ್ಯದಲ್ಲಿ ಸ್ವತಂತ್ರ ಧರ್ಮಸಭೆ ಎಂಬ ತತ್ತ್ವವನ್ನು ಎತ್ತಿಹಿಡಿದು ಎರಡು ದಿನ ಭಾಷಣ ಮಾಡಿದರು. ಸಭೆ ಚಪ್ಪಾಳೆಯಿಂದ ತುಂಬಿತು. ಮರುವರ್ಷ ರೋಮ್‌ನಿಂದ ಖಾಸಗಿಯಾಗಿ ಅಸಮಾಧಾನದ ಪತ್ರ ಬಂತು. 1864ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೆಯ ಪಯಸ್ ಹೊರಡಿಸಿದ ದೋಷಪಟ್ಟಿ, ಅಂದರೆ ಧರ್ಮಸಭೆ ತಪ್ಪೆಂದು ಎಣಿಸಿದ ವಿಚಾರಗಳ ಪಟ್ಟಿ, ಆ ಬಗೆಯ ಉದಾರವಾದಕ್ಕೆ ಬಾಗಿಲು ಮುಚ್ಚಿತು. ಒಬ್ಬ ಭಾಷಣಕಾರನ ಎರಡು ಭಾಷಣಗಳಿಂದ ಇಡೀ ಸಮ್ಮೇಳನದ ಹೆಸರು ವಿವಾದದೊಂದಿಗೆ ಅಂಟಿಕೊಳ್ಳಬಹುದು ಎಂಬುದನ್ನು ಅಮೆರಿಕದ ಧರ್ಮಾಧ್ಯಕ್ಷರು ಮರೆತಿರಲಾರರು.

ಆದ್ದರಿಂದ ಒಪ್ಪಂದ ಈ ರೂಪ ತಾಳಿತು: ಸಮ್ಮೇಳನ ಶ್ರೀಸಾಮಾನ್ಯರದ್ದೇ, ಪ್ರಬಂಧ ಬರೆಯುವವರೂ ಓದುವವರೂ ಅವರೇ, ಆದರೆ ಬರೆದದ್ದನ್ನು ಮೊದಲು ಧರ್ಮಾಧ್ಯಕ್ಷರ ಕಡೆಯಿಂದ ಪರಿಶೀಲನೆಗೆ ಒಪ್ಪಿಸಬೇಕು, ಸಭೆಯಲ್ಲಿ ಚರ್ಚೆ ಇರಬಾರದು. ಈ ಷರತ್ತಿನ ಪರಿಣಾಮ ಬರವಣಿಗೆಯ ಮೇಲೆ ಹೇಗಾಗುತ್ತದೆ ಎಂಬುದನ್ನು ವಿವರಿಸಿ ಹೇಳುವುದು ಅಗತ್ಯ. ಪರಿಶೀಲನೆ ಇದೆಯೆಂದರೆ ಪ್ರಬಂಧ ವಾರಗಳಷ್ಟು ಮೊದಲೇ ಪೂರ್ತಿಯಾಗಿ ಬರೆದು ಮುಗಿದಿರಬೇಕು. ಟಿಪ್ಪಣಿ ಹಿಡಿದು ಮಾತಾಡುವವರಿಗೆ, ಸಭೆಯ ಮುಖ ನೋಡಿ ಮಾತು ಬೆಳೆಸುವವರಿಗೆ ಅಲ್ಲಿ ಸ್ಥಳವಿಲ್ಲ. ಲೇಖನಿ ಪಳಗಿದವರು, ಅಂದರೆ ವಕೀಲರು, ಪತ್ರಿಕಾ ಸಂಪಾದಕರು, ಇತಿಹಾಸಕಾರರು ತಾವಾಗಿಯೇ ಮುಂದೆ ಬರುತ್ತಾರೆ. ಗಣಿಯಲ್ಲಿ ದುಡಿಯುವವನು, ಕಾಲುವೆ ತೋಡಿದವನು, ಗಿರಣಿಯ ಹೆಣ್ಣುಮಗಳು ಬರುವುದಿಲ್ಲ. ಅಂದಿನ ಅಮೆರಿಕದ ಕಥೋಲಿಕರಲ್ಲಿ ಬಹುಪಾಲು ಜನ ವಲಸೆ ಬಂದ ಕೂಲಿಕಾರರು. ಅವರ ಬದುಕಿನ ವಿಷಯ ಪಟ್ಟಿಯಲ್ಲಿತ್ತು, ಅವರ ದನಿ ಇರಲಿಲ್ಲ. ಇದು ಯಾರೂ ಬೇಕೆಂದು ಮಾಡಿದ ತಪ್ಪಲ್ಲ. ಪ್ರಬಂಧ ಎಂಬ ಪ್ರಕಾರವೇ, ಪೂರ್ವಪರಿಶೀಲನೆಯ ನಿಯಮದೊಡನೆ ಸೇರಿದಾಗ, ಇಂಥ ಜರಡಿಯಾಗಿ ಕೆಲಸ ಮಾಡುತ್ತದೆ.

ಈಗ ಪಟ್ಟಿಗೆ ಬರೋಣ. ಕಥೋಲಿಕ ಸಮ್ಮೇಳನಗಳು ಎಂಬ ವಿಷಯದ ಮೇಲೆ ಓದಿದವರು ಜಾನ್ ಗಿಲ್ಮರಿ ಶೇ. ಅಮೆರಿಕದ ಕಥೋಲಿಕ ಧರ್ಮಸಭೆಯ ಚರಿತ್ರೆಯನ್ನು ಬರೆದ ಹಿರಿಯರು ಅವರು. 1883ರಲ್ಲಿ ನೋತ್ರ್ ಡೇಮ್ ವಿಶ್ವವಿದ್ಯಾಲಯ ಶ್ರೀಸಾಮಾನ್ಯ ಕಥೋಲಿಕರಿಗಾಗಿ ಲೆಟಾರೆ ಪದಕವನ್ನು ಸ್ಥಾಪಿಸಿದಾಗ ಮೊದಲು ಪಡೆದವರೂ ಅವರೇ. ಇಂಥವರಿಂದ ಸಮ್ಮೇಳನವೆಂಬ ಪದ್ಧತಿಯ ಬಗೆಗೇ ಪ್ರಬಂಧ ಓದಿಸುವುದರಲ್ಲಿ ಜಾಣ್ಮೆಯಿದೆ. ಶ್ರೀಸಾಮಾನ್ಯರು ಸೇರುವುದು ಹೊಸ ಹಠವಲ್ಲ, ಧರ್ಮಸಭೆಯೊಳಗೆ ಅದಕ್ಕೆ ಪರಂಪರೆಯಿದೆ ಎಂಬುದನ್ನು ಎಲ್ಲರೂ ಗೌರವಿಸುವ ಚರಿತ್ರಕಾರರ ಬಾಯಿಂದ ಹೇಳಿಸಿದರೆ ಅನುಮಾನಪಡುವವರ ಮನಸ್ಸು ಸ್ವಲ್ಪ ಹಗುರಾಗುತ್ತದೆ. ಬ್ರೌನ್‌ಸನ್ ತಮಗಾಗಿ ಇಟ್ಟುಕೊಂಡ ವಿಷಯ ಧರ್ಮಸಭೆಯಲ್ಲಿ ಶ್ರೀಸಾಮಾನ್ಯರ ಕಾರ್ಯ ಎಂಬುದು. ಇಡೀ ಸಮ್ಮೇಳನದ ಹುರುಳು ಅದೇ ಆಗಿದ್ದುದರಿಂದ ಅದನ್ನು ಬೇರೆಯವರ ಕೈಗೆ ಕೊಡದೆ ತಾವೇ ಹೊತ್ತದ್ದು ಸರಿಯಾದ ನಿರ್ಧಾರ ಎಂದು ನನಗನಿಸುತ್ತದೆ.

ಎಲ್ಲಕ್ಕಿಂತ ನಾಜೂಕಿನ ವಿಷಯ ಪೋಪರ ಸ್ಥಾನಮಾನದ್ದು. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ರೋಮ್ ನಗರವನ್ನು ಹಿಡಿದ ಮೇಲೆ ಪೋಪರ ರಾಜ್ಯ ಇಲ್ಲವಾಗಿತ್ತು. ಜಗತ್ತಿನ ಯಾವ ಮೂಲೆಯಲ್ಲಿ ಕಥೋಲಿಕರು ಸೇರಿದರೂ ಅದನ್ನು ಪ್ರತಿಭಟಿಸಬೇಕೆಂಬ ನಿರೀಕ್ಷೆ ರೋಮ್‌ನಲ್ಲಿತ್ತು. ಆದರೆ ಅಮೆರಿಕದಲ್ಲಿ ಕಥೋಲಿಕರ ಮೇಲೆ ಇದ್ದ ಮುಖ್ಯ ಆರೋಪವೇ, ಇವರು ದೇಶಕ್ಕಿಂತ ಮೊದಲು ಪೋಪರಿಗೆ ನಿಷ್ಠರು ಎಂಬುದು. ವಿಷಯವನ್ನು ಬಿಟ್ಟರೆ ರೋಮ್‌ಗೆ ನೋವು, ತೀವ್ರವಾಗಿ ಎತ್ತಿದರೆ ನೆರೆಯ ಪ್ರಾಟೆಸ್ಟೆಂಟರಿಗೆ ಅನುಮಾನ. ಸಮಿತಿ ಕಂಡುಕೊಂಡ ದಾರಿಯನ್ನು ಎರಡು ಕಡೆ ನೋಡಬಹುದು. ಒಂದು, ಶೀರ್ಷಿಕೆ: ಪೋಪರ ರಾಜ್ಯಾಧಿಕಾರ ಎಂದಿಲ್ಲ, ಪವಿತ್ರ ಪೀಠದ ಸ್ವಾತಂತ್ರ್ಯ ಎಂದಿದೆ. ರಾಜ್ಯಾಧಿಕಾರ ಎಂದರೆ ನೆಲದ ಮಾತು, ಸ್ವಾತಂತ್ರ್ಯ ಎಂದರೆ ಯಾವ ಅಮೆರಿಕನ್ನನಿಗೂ ಒಪ್ಪಿಗೆಯಾಗುವ ಮಾತು. ಇನ್ನೊಂದು, ವ್ಯಕ್ತಿ: ಬಾಲ್ಟಿಮೋರ್‌ನವರೇ ಆದ ಚಾರ್ಲ್ಸ್ ಜೆ. ಬೊನಪಾರ್ಟ್. ನೆಪೋಲಿಯನ್ನನ ತಮ್ಮ ಜೆರೋಮ್‌ನ ಮೊಮ್ಮಗ, ಹಾರ್ವರ್ಡ್‌ನಲ್ಲಿ ಓದಿದ ವಕೀಲ, ಸರ್ಕಾರಿ ನೇಮಕಾತಿಗಳಲ್ಲಿನ ಭ್ರಷ್ಟತೆಯ ವಿರುದ್ಧ ಹೋರಾಡುತ್ತಿದ್ದ ಸುಧಾರಕ. ಅವರ ದೇಶನಿಷ್ಠೆಯ ಮೇಲೆ ಬೆರಳು ತೋರುವುದು ಯಾರಿಗೂ ಸುಲಭವಾಗಿರಲಿಲ್ಲ. ಮುಂದೆ 1906ರಿಂದ 1909ರವರೆಗೆ ಅವರು ಅಮೆರಿಕದ ಅಟಾರ್ನಿ ಜನರಲ್ ಆದರು, ಎಫ್‌ಬಿಐ ಎಂದು ನಾವು ಇಂದು ಕರೆಯುವ ಸಂಸ್ಥೆಯ ಮೂಲರೂಪವನ್ನು 1908ರಲ್ಲಿ ಕಟ್ಟಿದರು. ಕಠಿಣ ವಿಷಯಕ್ಕೆ ತಕ್ಕ ಶೀರ್ಷಿಕೆ ಮತ್ತು ತಕ್ಕ ಮನುಷ್ಯ ಹೀಗೆ ಒಟ್ಟಿಗೆ ಸಿಗುವುದು ಅಪರೂಪ.

ಶಿಕ್ಷಣದ ವಿಷಯಕ್ಕೆ ಎಡ್ಮಂಡ್ ಎಫ್. ಡನ್ ಬಂದರು, ಅರಿಜೋನ ಪ್ರಾಂತ್ಯದ ಮುಖ್ಯ ನ್ಯಾಯಾಧೀಶರಾಗಿದ್ದವರು, ಕಥೋಲಿಕ ಶಾಲೆಗಳ ಪರ ಗಟ್ಟಿಯಾಗಿ ಮಾತಾಡಿ ಹಿಂದೆಯೇ ಹೆಸರಾದವರು. 1884ರಲ್ಲಿ ಬಾಲ್ಟಿಮೋರ್‌ನಲ್ಲೇ ಸೇರಿದ್ದ ಧರ್ಮಾಧ್ಯಕ್ಷರ ಮೂರನೆಯ ಮಹಾಪರಿಷತ್ತು ಪ್ರತಿ ದೇವಾಲಯದ ಹತ್ತಿರ ಎರಡು ವರ್ಷಗಳೊಳಗೆ ಶಾಲೆ ಏಳಬೇಕೆಂದು ವಿಧಿಸಿತ್ತು. ಅದರ ಖರ್ಚನ್ನು ಹೊರಬೇಕಾದವರು ಶ್ರೀಸಾಮಾನ್ಯರೇ. ಸರ್ಕಾರಿ ಶಾಲೆಗೆ ತೆರಿಗೆ ಕಟ್ಟಿ, ತಮ್ಮ ಶಾಲೆಗೆ ಮತ್ತೆ ಹಣ ಕೊಡಬೇಕಾದವರು. ಹಾಗಾಗಿ ಅದು ಅವರದ್ದೇ ವಿಷಯ. ಪತ್ರಿಕೆಗಳ ಬಗ್ಗೆ ಫಿಲಡೆಲ್ಫಿಯದ ಸಂಪಾದಕ ಜಾರ್ಜ್ ಡಿ. ವುಲ್ಫ್, ಕಳೆದ ನೂರು ವರ್ಷಗಳಲ್ಲಿ ಕಥೋಲಿಕರು ಮಾಡಿದ ಕೆಲಸದ ಬಗ್ಗೆ ರಿಚರ್ಡ್ ಎಚ್. ಕ್ಲಾರ್ಕ್, ದೇವಾಲಯದ ಸಂಗೀತದ ಬಗ್ಗೆ ಹೀಮನ್ ಅಲೆನ್ ಓದಿದರು. ಸಂಗೀತದ ಪ್ರಬಂಧವನ್ನು ಚಿಕ್ಕದೆಂದು ಬದಿಗೆ ಸರಿಸುವವರಿದ್ದಾರೆ. ನನ್ನ ಮಟ್ಟಿಗೆ ಪಟ್ಟಿಯ ಬಹಳ ನೆಲಗಟ್ಟಿನ ಆಯ್ಕೆ ಅದು, ಏಕೆಂದರೆ ಭಾನುವಾರ ಗಾಯನವೃಂದದಲ್ಲಿ ನಿಲ್ಲುವವರು ಶ್ರೀಸಾಮಾನ್ಯರು; ಆ ವಿಷಯದಲ್ಲಿ ಅವರು ಅನುಭವದಿಂದ ಮಾತಾಡಬಲ್ಲರು.

ಸಂಘಗಳ ಬಗ್ಗೆ ಓದಿದ ಹೆನ್ರಿ ಜೆ. ಸ್ಪೌನ್‌ಹೋರ್ಸ್ಟ್ ಅವರ ಹೆಸರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೇಂಟ್ ಲೂಯಿಯ ಅವರು ಜರ್ಮನ್ ಮೂಲದ ಅಮೆರಿಕನ್ ಕಥೋಲಿಕರ ಕೇಂದ್ರ ಸಂಘದ ಅಧ್ಯಕ್ಷರಾಗಿ ಬಹುಕಾಲ ಇದ್ದವರು. ಆ ಕಾಲದಲ್ಲಿ ಐರಿಷ್ ಮತ್ತು ಜರ್ಮನ್ ಕಥೋಲಿಕರ ನಡುವೆ ಭಾಷೆ, ಶಾಲೆ, ಧರ್ಮಾಧ್ಯಕ್ಷರ ನೇಮಕಗಳ ಬಗ್ಗೆ ಕಹಿ ಬೆಳೆಯುತ್ತಿತ್ತು. ಸಮ್ಮೇಳನದ ಮುಂದಾಳುಗಳಲ್ಲಿ ಐರಿಷ್ ಹೆಸರುಗಳೇ ಹೆಚ್ಚು. ಜರ್ಮನ್ನರು ದೂರ ಉಳಿದಿದ್ದರೆ ಇದು ಅರ್ಧ ಧರ್ಮಸಭೆಯ ಸಮ್ಮೇಳನವಾಗುತ್ತಿತ್ತು. ಸಂಘ ಕಟ್ಟುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ಸಮುದಾಯದ ಮುಖಂಡನಿಗೆ ಸಂಘಗಳ ವಿಷಯವನ್ನೇ ಕೊಟ್ಟದ್ದರಿಂದ ಪ್ರಾತಿನಿಧ್ಯವೂ ಆಯಿತು, ವಿಷಯಕ್ಕೆ ನ್ಯಾಯವೂ ಆಯಿತು. ನಮ್ಮ ಸಮ್ಮೇಳನಗಳಲ್ಲಿ ಪ್ರದೇಶಕ್ಕೊಬ್ಬರು, ಪಂಗಡಕ್ಕೊಬ್ಬರು ಎಂದು ಹೆಸರು ಸೇರಿಸುವಾಗ ವಿಷಯವನ್ನು ಕಡೆಗಣಿಸುವುದನ್ನು ಕಂಡವರಿಗೆ ಈ ಆಯ್ಕೆಯ ಸೊಗಸು ತಿಳಿಯುತ್ತದೆ.

ದುಡಿಮೆ ಮತ್ತು ಬಂಡವಾಳದ ಪ್ರಶ್ನೆಯನ್ನೂ ಪಟ್ಟಿ ಬಿಡಲಿಲ್ಲ. ಇದಕ್ಕೆ ಧೈರ್ಯ ಬೇಕಿತ್ತು. 1886ರಲ್ಲಿ ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಬಾಂಬು ಸಿಡಿದು ಕಾರ್ಮಿಕ ಚಳವಳಿಯೆಂದರೆ ಭಯಪಡುವ ವಾತಾವರಣವಿತ್ತು. ಕಾರ್ಮಿಕರ ದೊಡ್ಡ ಸಂಘವಾಗಿದ್ದ ನೈಟ್ಸ್ ಆಫ್ ಲೇಬರ್ ಅನ್ನು ರೋಮ್ ಖಂಡಿಸದಂತೆ 1887ರಲ್ಲಿ ಮನವಿ ಸಲ್ಲಿಸಿ ಗಿಬ್ಬನ್ಸ್ ತಡೆದಿದ್ದರು. ಪೋಪ್ ಹದಿಮೂರನೆಯ ಲಿಯೋ ಕಾರ್ಮಿಕರ ಸ್ಥಿತಿಯ ಬಗ್ಗೆ ತಮ್ಮ ಹೆಸರಾಂತ ಪರಿಪತ್ರವನ್ನು ಹೊರಡಿಸಿದ್ದು 1891ರ ಮೇ 15ರಂದು. ಬಾಲ್ಟಿಮೋರ್‌ನ ಶ್ರೀಸಾಮಾನ್ಯರು ಅದಕ್ಕಿಂತ ಒಂದೂವರೆ ವರ್ಷ ಮುಂಚೆಯೇ ಈ ಪ್ರಶ್ನೆಯನ್ನು ಧಾರ್ಮಿಕ ಸಭೆಯ ವಿಷಯವೆಂದು ಎಣಿಸಿದ್ದರು.

ಪ್ರಬಂಧ ಬೇರೆ, ಭಾಷಣ ಬೇರೆ ಎಂಬುದೂ ಸಮಿತಿಗೆ ಗೊತ್ತಿತ್ತು. ಬರೆದದ್ದನ್ನು ಓದುವ ದನಿ ಗಂಟೆಗಟ್ಟಲೆ ಕೇಳಿದರೆ ಎಂಥ ಶ್ರದ್ಧಾವಂತನಿಗೂ ಮಂಪರು ಕವಿಯುತ್ತದೆ. ದಿನಕ್ಕೆ ಆರು ಗಂಟೆಯಂತೆ ಎರಡು ದಿನ ಕುಳಿತರೂ ಹನ್ನೆರಡು ಗಂಟೆ. ಸ್ವಾಗತ, ಪದಾಧಿಕಾರಿಗಳ ಆಯ್ಕೆ, ನಿರ್ಣಯ, ಅತಿಥಿಗಳ ಮಾತು ಇವುಗಳಿಗೆ ಮೂರನೆಯ ಒಂದು ಪಾಲು ಹೋದರೆ ಎಂಟು ಗಂಟೆ ಉಳಿಯುತ್ತದೆ. ಪ್ರಬಂಧಕ್ಕೆ ಅರ್ಧ ಗಂಟೆ ಎಂದರೂ ಹದಿನಾರನ್ನು ಮೀರುವಂತಿಲ್ಲ, ಮತ್ತು ಅರ್ಧ ಗಂಟೆಯಲ್ಲಿ ಮುಗಿಸುವವರು ಕಡಿಮೆ. ಧರ್ಮಕೇಂದ್ರವೊಂದರ ಬೆಳ್ಳಿಹಬ್ಬದ ಗೋಷ್ಠಿಗೆ ನೆರವಾಗಿದ್ದಾಗ ನಾಲ್ಕೇ ಪ್ರಬಂಧಗಳನ್ನು ಒಂದು ಮಧ್ಯಾಹ್ನಕ್ಕೆ ಹೊಂದಿಸಲಾರದೆ ಕೊನೆಯವರನ್ನು ಐದು ನಿಮಿಷಕ್ಕೆ ಮೊಟಕುಗೊಳಿಸಿದ್ದು ನನ್ನ ನೆನಪಿನಲ್ಲಿದೆ; ಆಕೆ ಮೂರು ತಿಂಗಳು ಓಡಾಡಿ ಸಾಮಗ್ರಿ ಕೂಡಿಸಿದ್ದರು, ಆ ನೋವು ಇನ್ನೂ ಹೋಗಿಲ್ಲ. ಬಾಲ್ಟಿಮೋರ್‌ನಲ್ಲಿ ಪ್ರಬಂಧಗಳ ನಡುವೆ ಸಭೆಯನ್ನು ಎಚ್ಚರಿಸಲು ಡೇನಿಯಲ್ ಡಾಹರ್ಟಿ ಇದ್ದರು. 1880ರಲ್ಲಿ ಮತ್ತು 1888ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶಗಳಲ್ಲಿ ಅಧ್ಯಕ್ಷ ಅಭ್ಯರ್ಥಿಯ ಹೆಸರನ್ನು ಸೂಚಿಸಿ ಮಾತಾಡಿದ್ದ ದೊಡ್ಡ ವಾಗ್ಮಿ ಅವರು. ಅಧ್ಯಕ್ಷಪೀಠದಲ್ಲಿ ಮೇರಿಲೆಂಡ್‌ನ ಮಾಜಿ ಗವರ್ನರ್ ಜಾನ್ ಲೀ ಕ್ಯಾರಲ್ ಕುಳಿತರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಏಕೈಕ ಕಥೋಲಿಕರಾದ ಚಾರ್ಲ್ಸ್ ಕ್ಯಾರಲ್ ಅವರ ವಂಶದವರು. ಪ್ರಬಂಧ ಓದದೆ, ಕೇವಲ ಕುಳಿತುಕೊಂಡೇ, ಕಥೋಲಿಕರು ಈ ದೇಶದವರೇ ಎಂಬ ಮಾತನ್ನು ಅವರು ಸಾರುತ್ತಿದ್ದರು.

ಇನ್ನು ಐರ್ಲೆಂಡ್ ಅವರ ವಿಷಯ. ಸಮ್ಮೇಳನದ ಹಿಂದಿನ ಭಾನುವಾರ ಪ್ರಧಾನಾಲಯದಲ್ಲಿ ಅವರು ನೀಡಿದ ಪ್ರಬೋಧನೆ ಪ್ರಸಿದ್ಧವಾಗಿದೆ. ಶ್ರೀಸಾಮಾನ್ಯರು ದೃಢೀಕರಣದ ಅಭ್ಯಂಗ ಪಡೆದಿರುವುದು ತಮ್ಮ ಆತ್ಮವನ್ನು ಮಾತ್ರ ಉಳಿಸಿಕೊಂಡು ದೇವಾಲಯದ ಆಸನದ ಬಾಡಿಗೆ ಕಟ್ಟಿಕೊಂಡಿರಲು ಅಲ್ಲ. ಅವರು ಗುರುಗಳಿಗಾಗಿ ಕಾಯಬೇಕಿಲ್ಲ, ಗುರುಗಳು ಧರ್ಮಾಧ್ಯಕ್ಷರಿಗಾಗಿ ಕಾಯಬೇಕಿಲ್ಲ ಎಂಬ ಅರ್ಥದ ಮಾತುಗಳನ್ನು ಅವರು ಆಡಿದರು. ಮರುದಿನ ಸೇರಿದ ಸಭೆಯ ಪ್ರಬಂಧಗಳಾದರೋ ಧರ್ಮಾಧ್ಯಕ್ಷರ ಒಪ್ಪಿಗೆಗಾಗಿ ಕಾದು ಬಂದವು. ಈ ಎರಡರ ನಡುವಿನ ಅಂತರ ನನಗೆ ಅಪ್ರಾಮಾಣಿಕತೆಯಾಗಿ ಕಾಣುವುದಿಲ್ಲ. ನಂಬಿಕೆ ಒಂದು ಹೆಜ್ಜೆ ಮುಂದೆ, ರೂಢಿ ಒಂದು ಹೆಜ್ಜೆ ಹಿಂದೆ ಇದ್ದ ಗಳಿಗೆ ಅದು. ಸಮ್ಮೇಳನದ ಕೊನೆಯಲ್ಲಿ ಐರ್ಲೆಂಡ್ ಎದ್ದು ನಿಂತು, ಶ್ರೀಸಾಮಾನ್ಯರಲ್ಲಿ ಇಷ್ಟು ಶಕ್ತಿ ಇದೆಯೆಂದು ಧರ್ಮಾಧ್ಯಕ್ಷನಾಗಿ ತಾನು ಇದುವರೆಗೆ ಅರಿಯದೆ ಹೋದೆನಲ್ಲ ಎಂದು ನಾಚಿಕೆಯಾಗುತ್ತದೆ ಎಂಬ ಅರ್ಥದಲ್ಲಿ ಒಪ್ಪಿಕೊಂಡರು. ಪ್ರಬಂಧಗಳನ್ನು ಕೇಳಿ ಬಂದ ಮಾತು ಅದು. ನೋತ್ರ್ ಡೇಮ್ ಮುಂದಿನ ಮೂರು ವರ್ಷಗಳ ಲೆಟಾರೆ ಪದಕವನ್ನು ಕ್ರಮವಾಗಿ ಒನಾಹನ್, ಡಾಹರ್ಟಿ ಮತ್ತು ಬ್ರೌನ್‌ಸನ್ ಅವರಿಗೆ ಕೊಟ್ಟಿತು.

ಮೊದಲೇ ಓದಿಸಿಕೊಳ್ಳುವುದನ್ನು ನಾನು ದೋಷವೆನ್ನಲಾರೆ. ಎಚ್ಚರದಿಂದ ಓದುವವರೊಬ್ಬರು ಇದ್ದರೆ ಪ್ರಬಂಧ ಸುಧಾರಿಸುತ್ತದೆ. ಹೆಸರಾದ ಲೇಖಕರೂ ಅದನ್ನು ಬಯಸಬೇಕು. ದೋಷವಿದ್ದದ್ದು ಚರ್ಚೆಯನ್ನು ಇಲ್ಲವಾಗಿಸಿದ್ದರಲ್ಲಿ. ನೂರಾರು ಮೈಲಿ ಪ್ರಯಾಣ ಮಾಡಿ ಬಂದ ಪ್ರತಿನಿಧಿ ಕೇಳುಗನಾ‌ಗಿ ಮಾತ್ರ ಉಳಿದ. ಒಂದು ಪ್ರಬಂಧದ ಸತ್ವ ತಿಳಿಯುವುದು ಅದಕ್ಕೆ ಎದುರಾಗುವ ಪ್ರಶ್ನೆಯಿಂದ. ಶಾಲೆಯ ಖರ್ಚಿನ ಬಗ್ಗೆ ನ್ಯಾಯಾಧೀಶರು ಓದಿದ ಮೇಲೆ, ಆರು ಮಕ್ಕಳ ತಂದೆಯಾದ ಕಾರ್ಮಿಕನೊಬ್ಬ ಎದ್ದು ತನ್ನ ಲೆಕ್ಕ ಹೇಳಿದ್ದರೆ ಆ ಪ್ರಬಂಧದ ಕಥೆಯೇ ಬೇರೆಯಾಗುತ್ತಿತ್ತು.

ಅದೇ ವರ್ಷದ ಆರಂಭದಲ್ಲಿ ನಡೆದ ಇನ್ನೊಂದು ಸಭೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1889ರ ಜನವರಿ 1ರಿಂದ 4ರವರೆಗೆ ವಾಷಿಂಗ್ಟನ್‌ನ ಸಂತ ಅಗಸ್ಟೀನರ ದೇವಾಲಯದಲ್ಲಿ ಕಪ್ಪು ಕಥೋಲಿಕರ ಮೊದಲ ಸಮ್ಮೇಳನ ಸೇರಿತ್ತು. ಅದನ್ನು ಕರೆದವರು ಕೆಂಟಕಿಯಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ಓಹಾಯೋದಲ್ಲಿ ಅಮೆರಿಕನ್ ಕ್ಯಾಥಲಿಕ್ ಟ್ರಿಬ್ಯೂನ್ ಎಂಬ ಪತ್ರಿಕೆಯನ್ನು ನಡೆಸಿದ ಡೇನಿಯಲ್ ರಡ್. ಗುಲಾಮಗಿರಿಯಲ್ಲೇ ಹುಟ್ಟಿ ಗುರುದೀಕ್ಷೆ ಪಡೆದಿದ್ದ ಅಗಸ್ಟಸ್ ಟೋಲ್ಟನ್ ಅಲ್ಲಿ ಬಲಿಪೂಜೆ ಅರ್ಪಿಸಿದರು. 1894ರವರೆಗೆ ಇಂಥ ಐದು ಸಮ್ಮೇಳನಗಳು ನಡೆದವು. ಮಾತಾಡುವವರು ಮತ್ತು ಮಾತಿನ ವಿಷಯ ಒಂದೇ ಬದುಕಿನಿಂದ ಬಂದಿದ್ದವು ಎಂಬುದೇ ಅವುಗಳ ಬಲ.

ಆ ಬಲ ದೊಡ್ಡ ಸಮ್ಮೇಳನಕ್ಕೂ ಸ್ವಲ್ಪ ಮಟ್ಟಿಗೆ ಹರಿಯಿತು. ಬಾಲ್ಟಿಮೋರ್‌ನಲ್ಲಿ ಪ್ರಬಂಧ ಓದಿದವರೆಲ್ಲ ಗಂಡಸರು. 1893ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದ ವಿಶ್ವಪ್ರದರ್ಶನದ ಜೊತೆಗೆ ನಡೆದ ಎರಡನೆಯ ಸಮ್ಮೇಳನದಲ್ಲಿ ಕಲೆಯ ಬಗ್ಗೆ ಬರೆಯುತ್ತಿದ್ದ ಎಲೈಜಾ ಆಲೆನ್ ಸ್ಟಾರ್, ಒನಾಹನ್ ಅವರ ಮಗಳು ಮೇರಿ ಜೋಸೆಫೀನ್, ಮುಂದೆ ಕ್ಯಾನ್ಸರ್ ಪೀಡಿತ ಬಡವರ ಸೇವೆಗೆ ಬದುಕನ್ನೇ ಮುಡಿಪಿಟ್ಟ ರೋಸ್ ಹಾಥಾರ್ನ್ ಲ್ಯಾಥ್ರಪ್ ಮೊದಲಾದ ಮಹಿಳೆಯರು ಪ್ರಬಂಧ ಮಂಡಿಸಿದರು. ಕಪ್ಪು ಜನರ ಭವಿಷ್ಯದ ಬಗ್ಗೆ ವಾಷಿಂಗ್ಟನ್‌ನ ಚಾರ್ಲ್ಸ್ ಎಚ್. ಬಟ್ಲರ್ ಮಾತಾಡಿದರು. ಪೋಪರ ಕಾರ್ಮಿಕ ಪರಿಪತ್ರ ಬಂದಾಗಿತ್ತಾದ್ದರಿಂದ ಸಾಮಾಜಿಕ ಪ್ರಶ್ನೆಗೆ ದೊಡ್ಡ ಪಾಲು ಸಿಕ್ಕಿತು. ಆ ಮಾದರಿಯ ರಾಷ್ಟ್ರೀಯ ಸಮ್ಮೇಳನ ಅಲ್ಲಿಗೆ ನಿಂತಿತು.

ರೋಮ್‌ನಲ್ಲಿ 1951, 1957 ಮತ್ತು 1967ರಲ್ಲಿ ಶ್ರೀಸಾಮಾನ್ಯರ ಪ್ರೇಷಿತಕಾರ್ಯದ, ಅಂದರೆ ಧರ್ಮಸಭೆಯ ಕೆಲಸದಲ್ಲಿ ಅವರ ಪಾಲಿನ, ಜಾಗತಿಕ ಸಮ್ಮೇಳನಗಳು ಸೇರಿದವು. ಮೂರನೆಯದು ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದ ಮೇಲೆ ನಡೆದದ್ದು, ಮತ್ತು ಅಲ್ಲಿ ಪ್ರತಿನಿಧಿಗಳು ಚರ್ಚಾಗುಂಪುಗಳಲ್ಲಿ ಕುಳಿತು ನಿಜವಾಗಿ ಮಾತಾಡಿದರು. ಸಂತಾನ ನಿಯಂತ್ರಣದ ವಿಧಾನವನ್ನು ದಂಪತಿಗಳ ಮನಸ್ಸಾಕ್ಷಿಗೆ ಬಿಡಬೇಕೆಂಬ ಅಭಿಪ್ರಾಯ ಅಲ್ಲಿಂದ ಹೊರಟಿತು. 1968ರ ಜುಲೈ 25ರ ಪರಿಪತ್ರದಲ್ಲಿ ಪೋಪ್ ಆರನೆಯ ಪಾಲ್ ಬೇರೆ ತೀರ್ಮಾನ ಕೊಟ್ಟರು. ಅದೇ ಸಾಲಿನ ನಾಲ್ಕನೆಯ ಜಾಗತಿಕ ಸಮ್ಮೇಳನ ನಡೆಯಲಿಲ್ಲ. ಗಿಬ್ಬನ್ಸ್ ಅವರಿಗಿದ್ದ ಆತಂಕ ನಿಜವಾದ ಆತಂಕವೇ ಎಂಬುದಕ್ಕೆ ಇದು ಸಾಕ್ಷಿ. ಆದರೂ ಮೌನವಾಗಿ ಕೇಳಿ ಹೋದ 1889ರ ಪ್ರತಿನಿಧಿಗಳಿಗಿಂತ 1967ರವರು ಧರ್ಮಸಭೆಗೆ ಹೆಚ್ಚು ಉಪಕಾರ ಮಾಡಿದರು ಎಂದೇ ನನ್ನ ತಿಳಿವು, ಏಕೆಂದರೆ ಸಂಸಾರಸ್ಥರ ಮನಸ್ಸಿನಲ್ಲಿ ಏನಿದೆ ಎಂಬುದು ಅವರ ಬಾಯಿಂದಲೇ ಕೇಳಿಬಂತು.

ನಮ್ಮ ನಾಡಿಗೂ ಈ ಕಥೆ ಒಮ್ಮೆ ಬಂದಿದೆ. 1969ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಇಂದಿನ ಭಾರತದ ಧರ್ಮಸಭೆ ಎಂಬ ವಿಷಯದ ಮೇಲೆ ಅಖಿಲ ಭಾರತ ವಿಚಾರಸಂಕಿರಣ ನಡೆಯಿತು. ಧರ್ಮಾಧ್ಯಕ್ಷರು, ಗುರುಗಳು, ಸನ್ಯಾಸಿನಿಯರು ಮತ್ತು ಶ್ರೀಸಾಮಾನ್ಯರು ಅಲ್ಲಿ ಒಟ್ಟಿಗೆ ಕುಳಿತರು. ತಯಾರಿಯ ಕ್ರಮ ಬಾಲ್ಟಿಮೋರ್‌ಗೆ ಹೋಲಿಸಿದರೆ ತಲೆಕೆಳಗಾಗಿತ್ತು: ಮೊದಲು ಬೇರೆ ಬೇರೆ ಪ್ರಾಂತ್ಯಗಳಲ್ಲಿ ಜನ ಸೇರಿ ಮಾತಾಡಿದರು, ಅನಂತರ ಬೆಂಗಳೂರಿನಲ್ಲಿ ದೇಶಮಟ್ಟದ ಸಭೆ ಸೇರಿತು, ಅಲ್ಲಿ ವಿಷಯವಾರು ಗುಂಪುಗಳು ಮತ್ತೆ ಚರ್ಚಿಸಿದವು.